ಎರಡು ಚಮಚ

ಬುಧವಾರ ಮಧ್ಯಾಹ್ನ ಕ್ರೆನೆಕ್ ಮುದುಕ ಬಂದ,
ಟೋಪಿ ತೆಗೆದು ಎದೆಗೊತ್ತಿಕೊಂಡು.
ಇನ್ನೊಂದು ಕೈಯಲ್ಲಿ ತಗಡಿನ ಡಬ್ಬಿ,
ಮುಚ್ಚಳದ ಅಂಚಿಗೆ ತುಕ್ಕು.
'ಕೆಂಪಾಜಿ, ನಿನಗೊಂದು ಮೂಗಿದೆ' ಅಂದ.
ಎಲ್ಲರಿಗೂ ಇದೆ, ಅಂದೆ.

ಇದೆ, ಆದರೆ ನನ್ನದು ಬೇರೆ ಶಾಲೆಯಲ್ಲಿ ಕಲಿತದ್ದು.
ಭಾನುವಾರ ಬಾಡು ಬೇಯುವಾಗ ಅವ್ವ ಅನ್ನೋಳು:
ಕಿಟಕಿ ಹಾಕವ್ವ, ಒಗ್ಗರಣೆ ಕೊಡ್ತೀನಿ.
ಸೋಮವಾರ ಪ್ರಾರ್ಥನೆಗೆ ನಿಲ್ಲುವ ಮೊದಲು
ತೋಳು ಮೂಸಿ ನೋಡಿಕೊಳ್ಳುತ್ತಿದ್ದೆ,
ಎಡದ್ದು, ಬಲದ್ದು, ಜಡೆಯ ತುದಿ.
ಆ ಮೂಗೇ ಇಲ್ಲಿ ಶೈನರಿನ ವೃದ್ಧಾಶ್ರಮದಲ್ಲಿ
ಹನ್ನೊಂದು ವರ್ಷ ರಾತ್ರಿಪಾಳಿ ದುಡಿದು
ಲುಡ್ಮಿಲಾ ಕ್ರೆನೆಕಳ ಕೊನೆಯ ಜ್ವರವನ್ನು
ಥರ್ಮಾಮೀಟರಿಗಿಂತ ಮೊದಲು ಹಿಡಿಯಿತು.

ಡಬ್ಬಿಯಲ್ಲಿ ಅವಳ ಮಸಾಲೆ ಎರಡು ಚಮಚ.
ಶನಿವಾರ ಚರ್ಚಿನ ಊಟ,
ಹನ್ನೆರಡು ಪೌಂಡಿನ ಬ್ರಿಸ್ಕೆಟ್ ತಂದಾಗಿದೆ,
ಬರೆದಿಟ್ಟದ್ದು ಎಲ್ಲೂ ಇಲ್ಲ.
'ಡ್ರಾಯರೆಲ್ಲ ಹುಡುಕಿದೆ, ಬೈಬಲಿನೊಳಗೂ.'

ಬಿಳಿ ಕಾಗದದ ಮೇಲೆ ಒಂದು ಚಿಟಿಕೆ ಸುರಿದೆ.
ಸೂಜಿಯ ಮೊನೆಯಲ್ಲಿ ಬೇರ್ಪಡಿಸಿದೆ.
ಕರಿಮೆಣಸು. ಕುಟ್ಟಿದ್ದು, ಬೀಸಿದ್ದಲ್ಲ.
ದಪ್ಪ ಉಪ್ಪು, ಮೆಣಸಿನಷ್ಟೇ.
ಒಣಗಿ ಮರಳಾದ ಬೆಳ್ಳುಳ್ಳಿ.
ಪ್ಯಾಪ್ರಿಕಾ: ಬ್ಯಾಡಗಿಯ ಬಣ್ಣ ಉಂಟು, ಜಗಳ ಇಲ್ಲ.
ಸಾಸಿವೆ ಹಿಟ್ಟು, ನಾಲಿಗೆಯ ಬದಿಗೆ ತಡವಾಗಿ ಬಂತು.
ಆಮೇಲೆ ಜೀರಿಗೆ.
ಅಲ್ಲ.
ಜೀರಿಗೆಯ ತಂಗಿ ಯಾರೋ,
ಚಳಿಯ ಸೀಮೆಗೆ ಮದುವೆಯಾಗಿ ಹೋದವಳು.
'ಕ್ಯಾರವೇ!' ಮುದುಕ ಮೇಜು ಗುದ್ದಿದ.
'ಅವಳಜ್ಜಿ ಅದಿಲ್ಲದೆ ಬ್ರೆಡ್ಡೇ ಸುಡುತ್ತಿರಲಿಲ್ಲ!'

ಬಾಣಲೆ ಇಟ್ಟೆ. ಹುರಿಯಬೇಡ, ಅಂದ,
ಲುಡ್ಮಿಲಾ ಹುರಿಯುತ್ತಿರಲಿಲ್ಲ.
ಹುರಿಯದೆ ಅದೆಂಥ ಮಸಾಲೆ, ಅಂದೆ.
ಮುಖ ತಿರುಗಿಸಿ ಕೂತ. ನಾನೇ ಸೋತು
ಹಸಿಯಾಗಿಯೇ ಕುಟ್ಟಿದೆ, ಬಟ್ಟಲಲ್ಲಿ ಕಲಸಿದೆ, ಕೊಟ್ಟೆ.
ಕಣ್ಣು ಮುಚ್ಚಿ ಮೂಸಿದ.
'ಅದೇ' ಅಂದ. ಸ್ವಲ್ಪ ಹೊತ್ತು ಬಿಟ್ಟು,
'ಇನ್ನೇನೋ ಇತ್ತು.'

ಡಬ್ಬಿಯನ್ನು ಮತ್ತೆ ಮೂಗಿಗೆ ಹಿಡಿದೆ.
ಇತ್ತು, ನಿಜ. ತಳದಲ್ಲಿ,
ಮೆಣಸಿಗೂ ಕೆಳಗೆ, ಮಂಕಾಗಿ.
ಅದು ಯಾವ ಬೀಜವೂ ಅಲ್ಲ, ಎಲೆಯೂ ಅಲ್ಲ,
ನಾಲ್ಕು ವರ್ಷ ಒಂದೇ ಮುಚ್ಚಳದಡಿ ಕೂತ ಹಳಸು.
ಇದನ್ನು ಅಂಗಡಿಯಲ್ಲಿ ಮಾರುವುದಿಲ್ಲ.
ಹೇಳಬೇಕೋ ಬೇಡವೋ ತಿಳಿಯದೆ
ಹೊಸತನ್ನು ಹಳೆಯದರ ಮೇಲೇ ಸುರಿ, ಅಂದೆ,
ತೊಳೆಯಬೇಡ.
ನಮ್ಮಲ್ಲಿ ಹೆಪ್ಪು ಅಂತೀವಿ.
'ಹೆ-ಪ್ಪು' ಅಂದ ಕ್ರೆನೆಕ್, ಬಾಯಿ ತುಂಬ.

ಶುಕ್ರವಾರ ಸಂಜೆ ಕೊಬ್ಬು ಕೆತ್ತಿ, ಸಾಸಿವೆ ಸವರಿ,
ಪುಡಿ ಉದುರಿಸಿದೆವು.
ನಾನು ತಿಕ್ಕಲು ಹೋದೆ. ಬೇಡ, ಅಂದ,
ಅಂಗೈ ಇಟ್ಟು ಒತ್ತಿ ತೋರಿಸಿದ,
ಜ್ವರದ ಹಣೆ ನೋಡುವ ಹಾಗೆ.
ಇಷ್ಟು ಹೊತ್ತು ನಾನು ಹೇಳಿಕೊಟ್ಟಿದ್ದೆ,
ಇದನ್ನು ಅವನು ಹೇಳಿಕೊಟ್ಟ.

ಓಕ್ ಕಟ್ಟಿಗೆ ಹೊತ್ತಿತು. ಹೊಗೆ
ಬೇಲಿ ದಾಟಿ, ರೈಲುಹಳಿ ದಾಟಿ, ಚರ್ಚಿನ ಗೋಪುರದವರೆಗೂ
ಯಾರ ಅಪ್ಪಣೆಯನ್ನೂ ಕೇಳದೆ ಹೋಯಿತು.
ಎದುರುಮನೆಯವಳು ಕಿಟಕಿ ತೆರೆದಳು.
ತೆರೆದಳು, ನೋಡು.

ಪಾಳಿಗೆ ಹೊತ್ತಾಗಿತ್ತು, ಅಂಗಿ ಬದಲಿಸಲಿಲ್ಲ.
ಏಳನೇ ಹಾಸಿಗೆಯ ಮುದುಕಿ,
ಮೂರು ದಿನದಿಂದ ಗಂಜಿಯನ್ನೂ ಒಲ್ಲೆ ಅಂದವಳು,
ಕಣ್ಣು ತೆರೆಯದೆ ನನ್ನ ತೋಳು ಹಿಡಿದು ಕೇಳಿದಳು:
ಯಾರ ಮನೇದಮ್ಮ ಇದು, ವಾಸನೆ?

ನಮ್ಮನೇದು, ಅಂದೆ.